ನೀಟಾಗಿ ಕಾಣಬೇಕು, ಬೀಳಲೂ ಬಾರದು

“ಈ ಕಡೆ ಬಾಲ್ಕನಿ ಸರ್, ಬೆಳಿಗ್ಗೆ ಒಳ್ಳೆ ಬಿಸಿಲು ಬರುತ್ತೆ.”

ಈ ವಾರವೆಲ್ಲ ಈ ಮಾತು ನನ್ನ ಕಿವಿಯಲ್ಲೇ ಇದೆ. ಹೇಳಿದ್ದು ಮನೆ ಮಾರುವ ನಮ್ಮ ಟೀಮಿನ ಹೊಸ ಹುಡುಗಿ. ಹೇಳುವಾಗ ಅವಳ ಒಂದು ಕೈ ಗೋಡೆ ಮೇಲಿತ್ತು, ಒಂದು ಕಾಲು ನೆಲಕ್ಕೆ ಸರಿಯಾಗಿ ಊರಿರಲಿಲ್ಲ. ಸ್ವಲ್ಪ ಮುಂಚೆ, ಟೈಲ್ಸ್ ಹಾಕದ ಮೆಟ್ಟಿಲ ಅಂಚಿಗೆ ಹೀಲ್ ಸಿಕ್ಕಿ ಅವಳ ಪಾದ ಹೊರಳಿತ್ತು. ಕ್ಲೈಂಟ್ ಮುಂದೆ ಹೋಗಿದ್ದರು, ಅವರಿಗೆ ಗೊತ್ತಾಗಲಿಲ್ಲ. ನಾನು ಕೈ ಕೊಡಲು ಹೋದರೆ ‘ಸುಮ್ನಿರಿ’ ಅನ್ನುವಂತೆ ಕಣ್ಣಲ್ಲೇ ತಡೆದಳು. ನಗುಮುಖ ಮಾಡಿಕೊಂಡು ಬಾಲ್ಕನಿ ತೋರಿಸಿದಳು. ಆಮೇಲೆ ಅಡುಗೆಮನೆ, ಬೆಡ್‌ರೂಮು, ಟೆರೇಸು, ಮತ್ತೆ ಕೆಳಗೆ ಪಾರ್ಕಿಂಗ್. ಲಿಫ್ಟ್ ಇನ್ನೂ ಕೂರಿಸಿಲ್ಲ.

ಸಂಜೆ ಹೊತ್ತಿಗೆ ಕಾಲು ಊದಿತ್ತು. ಸೈಟಿಗೆ ಯಾಕಮ್ಮಾ ಹೀಲ್ಸ್ ಅಂತ ಕೇಳಿದೆ. “ಹೀಲ್ ಇಲ್ಲದ ಫ್ಲಾಟ್ಸ್ ಹಾಕಿದ್ದಾಗ ಮ್ಯಾನೇಜರ್ ಹೇಳಿದ್ರಲ್ಲ ಮೇಡಂ, ಇಷ್ಟು ದೊಡ್ಡ ಮನೆ ಮಾರೋರು ಇಷ್ಟು ಸಾದಾ ಕಾಣಬಾರದು ಅಂತ.”

ಆ ಮ್ಯಾನೇಜರ್ ಕೆಟ್ಟವರಲ್ಲ. ರಜೆ ಕೇಳಿದರೆ ಕೊಡುತ್ತಾರೆ, ಕಮಿಷನ್ ವಿಷಯದಲ್ಲಿ ಯಾರಿಗೂ ಮೋಸ ಮಾಡಿದವರಲ್ಲ. ಆದರೆ ಅವರ ಕಾಲು ನೋಡಿ. ಚರ್ಮದ ಲೇಸ್ ಶೂ, ತಗ್ಗಾದ ಅಗಲ ಹಿಮ್ಮಡಿ, ಬೆರಳು ಪೂರ್ತಿ ಮುಚ್ಚಿದೆ. ಅದೇ ಶೂನಲ್ಲಿ ಮೀಟಿಂಗಿಗೂ ಹೋಗುತ್ತಾರೆ, ಜಲ್ಲಿ ರಾಶಿ ಮೇಲೂ ನಡೆಯುತ್ತಾರೆ. ನೀಟಾಗಿ ಕಾಣುವುದು, ಬೀಳದೆ ನಡೆಯುವುದು, ಎರಡೂ ಗಂಡಸರಿಗೆ ಒಂದೇ ಜೊತೆಯಲ್ಲಿ ಸಿಕ್ಕಿಬಿಟ್ಟಿದೆ. ನಾವು ಮಾತ್ರ ಯಾವುದಾದರೂ ಒಂದನ್ನು ಬಿಡಬೇಕು. ನನಗೆ ಸಿಟ್ಟು ಬರುವುದು ಇಲ್ಲೇ.

ಲಂಡನ್ನಿನಲ್ಲಿ ನಿಕೋಲಾ ಥಾರ್ಪ್ ಅನ್ನುವ ರಿಸೆಪ್ಷನಿಸ್ಟ್ ಒಬ್ಬರನ್ನು ಹೀಲ್ಸ್ ಹಾಕಿಲ್ಲ ಅಂತ ಕೆಲಸದಿಂದ ಮನೆಗೆ ಕಳಿಸಿದ್ದರು. ಅವರು ಶುರು ಮಾಡಿದ ಅರ್ಜಿಗೆ ಒಂದೂವರೆ ಲಕ್ಷ ಸಹಿ ಬಿದ್ದು, 2017ರಲ್ಲಿ ವಿಷಯ ಬ್ರಿಟನ್ ಪಾರ್ಲಿಮೆಂಟಿಗೇ ಹೋಯಿತು. ಅದೇ ವರ್ಷ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯವೂ ಫಿಲಿಪ್ಪೀನ್ಸ್ ದೇಶವೂ ಹೀಲ್ಸ್ ಕಡ್ಡಾಯ ಮಾಡುವಂತಿಲ್ಲ ಎಂದವು. ಒಳ್ಳೆಯದೇ. ಆದರೆ ನಮ್ಮಲ್ಲಿ ಕಡ್ಡಾಯ ಅಂತ ಯಾರೂ ಬರೆದಿಟ್ಟಿಲ್ಲ. ಬಾಯಿಮಾತಲ್ಲಿ ಒಂದು ಸಲ ‘ಸಾದಾ’ ಅಂದರು, ಅಷ್ಟೇ. ಅಂಥ ಮಾತನ್ನು ಯಾವ ಕಾನೂನು ಹಿಡಿಯುತ್ತದೆ? ಕೆಲಸಕ್ಕೆ ಹೊಸದಾಗಿ ಸೇರಿದವಳಿಗೆ ಅಷ್ಟು ಸಾಕು, ಅಲ್ವಾ?

ನಮ್ಮ ಕೆಲಸದಲ್ಲಿ ನೆಲ ಒಂದೇ ಥರ ಇರುವುದಿಲ್ಲ. ಬೆಳಿಗ್ಗೆ ಜಾರುವ ಮಾರ್ಬಲ್, ಮಧ್ಯಾಹ್ನ ಕೆಸರು, ಆಮೇಲೆ ಮೊಳೆ ಬಿದ್ದ ಹಲಗೆ, ತಂತಿ ತುಂಡು, ಸಿಮೆಂಟ್ ಧೂಳು. ಹೀಲ್ ಎತ್ತರವಾದಷ್ಟೂ ಮೈಭಾರ ಪಾದದ ಮುಂಭಾಗಕ್ಕೆ ಬೀಳುತ್ತದೆ. ತುದಿ ಸಣ್ಣದಾದಷ್ಟೂ ಕಾಲು ಬೇಗ ಹೊರಳುತ್ತದೆ. ವರ್ಷಗಟ್ಟಲೆ ಹಾಕಿದರೆ ಮೀನಖಂಡವೇ ಬಿಗಿಯಾಗುತ್ತದೆ. ಹಾಗಂತ ಕಾಗದದಷ್ಟು ತೆಳು ಅಡಿಯ ಫ್ಲಾಟ್ಸೂ ಬೇಡ. ಅದರಲ್ಲಿ ಒಂದೊಂದು ಕಲ್ಲೂ ಪಾದಕ್ಕೆ ಚುಚ್ಚುತ್ತದೆ, ಮೊಳೆಗಂತೂ ಅದು ಅಡ್ಡಿಯೇ ಅಲ್ಲ.

ನಾನು ಹಾಕುವುದು ಲೋಫರ್, ಲೇಸ್ ಇಲ್ಲದೆ ಕಾಲು ತೂರಿಸುವ ಶೂ. ಮುಂದೆ ಮುಚ್ಚಿರಬೇಕು, ಹಿಮ್ಮಡಿ ಅಗಲವಾಗಿ ಒಂದು ಇಂಚಿನಷ್ಟಿರಬೇಕು, ಅಡಿ ಗೆರೆಗೆರೆಯ ರಬ್ಬರ್ ಆಗಿರಬೇಕು. ಬಣ್ಣ ಕಪ್ಪು ಅಥವಾ ಗಾಢ ಕಂದು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಧೂಳು ಹೋಗಬೇಕು, ಅದಕ್ಕೇ ಮಖಮಲ್ಲಿನಂಥ ಸ್ವೇಡ್ ಚರ್ಮ ಬೇಡ. ಕೊಳ್ಳುವ ಮುಂಚೆ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡುತ್ತೇನೆ. ಬೆರಳು ಮಡಿಸುವ ಜಾಗದಲ್ಲಿ ಬಗ್ಗಬೇಕು, ನಡುವೆ ಮಡಚಿಕೊಂಡರೆ ಅಲ್ಲೇ ಇಟ್ಟು ಬರುತ್ತೇನೆ. ಹೋಗುವುದೂ ಸಂಜೆಯೇ. ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ, ಬೆಳಿಗ್ಗೆ ಸರಿಹೋದ ಶೂ ಸಂಜೆ ಹಿಂಡುತ್ತದೆ. ಎರಡು ಪಾದದ ಅಳತೆಯೂ ಸಾಮಾನ್ಯವಾಗಿ ಒಂದೇ ಇರುವುದಿಲ್ಲ. ದೊಡ್ಡ ಪಾದಕ್ಕೆ ತಕ್ಕಂತೆ ತೆಗೆದುಕೊಳ್ಳುತ್ತೇನೆ. ಈ ಲೋಫರ್ ನೋಡಿ ಯಾವ ಕ್ಲೈಂಟೂ ಮನೆ ಬೇಡ ಅಂದಿಲ್ಲ. ಅವರು ನೋಡುವುದು ಗೋಡೆ, ನೀರು, ಬೆಳಕು, ಕಾಗದಪತ್ರ.

ಆದರೆ ಕೆಲಸ ನಡೆಯುತ್ತಿರುವ ಕಟ್ಟಡಕ್ಕೆ ಲೋಫರ್ ಕೂಡ ಸಾಲದು. ಅಲ್ಲಿಗೆ ಬೇಕಿರುವುದು ಮೂತಿಯಲ್ಲಿ ಗಟ್ಟಿ ಕವಚ, ಅಡಿಯಲ್ಲಿ ಮೊಳೆ ತಡೆಯುವ ಪದರ ಇರುವ ಸೇಫ್ಟಿ ಶೂ. ನಮ್ಮ ಸೈಟ್ ಆಫೀಸಿನಲ್ಲಿ ಸಾಲಾಗಿ ಜೋಡಿಸಿಟ್ಟಿದ್ದಾರೆ, ಎಲ್ಲವೂ ಗಂಡಸರ ಅಳತೆಯವು. ಹಾಕಿಕೊಂಡರೆ ಹಿಮ್ಮಡಿ ಎದ್ದೆದ್ದು ಬರುತ್ತದೆ. ಮೆಟ್ಟಿಲ ಮೇಲೆ ಅದು ಹೀಲ್ಸ್‌ಗಿಂತ ಅಪಾಯ.

ಸೋಮವಾರದ ಮೀಟಿಂಗಿನಲ್ಲಿ ಇದನ್ನೇ ಕೇಳುತ್ತೇನೆ. ಹೆಂಗಸರ ಅಳತೆಯ ಸೇಫ್ಟಿ ಶೂ ತರಿಸಿ. ಅವು ಬರುವವರೆಗೆ ಲಿಫ್ಟ್ ಇಲ್ಲದ ಮಹಡಿಗೆ ನಮ್ಮನ್ನೂ ಕ್ಲೈಂಟನ್ನೂ ಕಳಿಸಬೇಡಿ. ಫ್ಲಾಟ್ಸ್ ಬಗ್ಗೆ ಆಡಿದ ಆ ಮಾತನ್ನು ಎಲ್ಲರ ಮುಂದೆ ವಾಪಸ್ ತೆಗೆದುಕೊಳ್ಳಿ.