ಫ್ರಿಕ್ಷನ್ ಯಾವ ಕಡೆಗೆ ಹಾಕೋದು ಮೇಡಂ?

ಫಸ್ಟ್ ಪಿಯುಸಿ ಹುಡುಗ್ರು ಪ್ರತಿ ವರ್ಷ ತಪ್ಪದೇ ಕೇಳ್ತಾರೆ, ಇಳಿಜಾರಿನ ಮೇಲೆ ಬ್ಲಾಕ್ ಇದೆ, ಮೇಲಕ್ಕೆ ತಳ್ಳೋ ಫೋರ್ಸ್ ಟೈಮ್ ಹೋದಂಗೆ ಜಾಸ್ತಿ ಆಗ್ತಾ ಇದೆ, ಫ್ರಿಕ್ಷನ್ ಯಾವ ಕಡೆಗೆ ಹಾಕೋದು ಮೇಡಂ ಅಂತ. ಎಷ್ಟನೇ ಸೆಕೆಂಡಲ್ಲಿ, ಅದನ್ನ ಮೊದ್ಲು ಹೇಳು ಅಂತೀನಿ ನಾನು.

ಒಂದು ಲೆಕ್ಕ ತಗೊಳ್ಳಿ. 2 ಕೆಜಿ ಬ್ಲಾಕು, 37 ಡಿಗ್ರಿ ಇಳಿಜಾರು (ಸೈನ್ 0.6, ಕಾಸ್ 0.8, ಪೇಪರ್ ಸೆಟ್ ಮಾಡೋರಿಗೆ ಈ ಕೋನ ಅಂದ್ರೆ ಪ್ರಾಣ), ಜಿ (ಗುರುತ್ವದ ಆಕ್ಸೆಲರೇಶನ್) 10, ಸ್ಟ್ಯಾಟಿಕ್ ಮ್ಯೂ (ನಿಂತಿರೋ ಬ್ಲಾಕಿನ ಘರ್ಷಣೆ ಗುಣಾಂಕ) 0.8, ಕೈನೆಟಿಕ್ (ಜಾರ್ತಿರುವಾಗಿನದು) 0.5. ಫೋರ್ಸು ಇಳಿಜಾರಿನ ಗುಂಟ ಮೇಲಕ್ಕೆ, ಸೊನ್ನೆಯಿಂದ ಶುರುವಾಗಿ ಸೆಕೆಂಡಿಗೆ 4 ನ್ಯೂಟನ್ ಏರುತ್ತೆ. ತೂಕ ಕೆಳಗೆ ಎಳೆಯೋದು 12 ನ್ಯೂಟನ್, ನಾರ್ಮಲ್ (ಇಳಿಜಾರು ಬ್ಲಾಕನ್ನ ಲಂಬವಾಗಿ ಒತ್ತೋ ಫೋರ್ಸ್) 16, ಅದಕ್ಕೆ ಮ್ಯೂ ಗುಣಿಸಿದ್ರೆ ಸ್ಟ್ಯಾಟಿಕ್ ಫ್ರಿಕ್ಷನ್ ಗರಿಷ್ಠ 12.8.

ಈ 12.8 ಕಂಡ ತಕ್ಷಣ ಇಕ್ವೇಶನ್ನಿಗೆ ತುರುಕ್ತಾರೆ ನೋಡಿ, ಅಲ್ಲೇ ಎಡವಟ್ಟು. ಅದು ಲಿಮಿಟ್ ಕಣ್ರಪ್ಪ, ಫ್ರಿಕ್ಷನ್ ಕೊಡೋದು ಬೇಕಾದಷ್ಟು ಮಾತ್ರ. ಶುರುವಲ್ಲಿ ಮೇಲ್ಮುಖ 12, 2ನೇ ಸೆಕೆಂಡಲ್ಲಿ ಫೋರ್ಸೇ 8 ಹೊತ್ಕೊಂಡಿರೋದ್ರಿಂದ ಫ್ರಿಕ್ಷನ್ 4 ಸಾಕು, 3ಕ್ಕೆ ಸೊನ್ನೆ, ಆಮೇಲೆ ದಿಕ್ಕೇ ತಿರುಗಿ ಕೆಳಮುಖ ಆಗುತ್ತೆ, ಬ್ಲಾಕ್ ಮಾತ್ರ ಕೂತಲ್ಲೇ ಕೂತಿರುತ್ತೆ. ಅಲ್ಲಾಡದೇ ಇರೋ ಬ್ಲಾಕಿಗೆ ಫ್ರಿಕ್ಷನ್ ದಿಕ್ಕು ಹೆಂಗೆ ಬದಲಾಯ್ತು ಅಂತ ಜಗಳಕ್ಕೇ ಬರ್ತಾರೆ. ಅದು ಎದುರಿಸೋದು ಜಾರೋ ಪ್ರಯತ್ನವನ್ನ, ಮೊದ್ಲು ಕೆಳಗೆ ಜಾರಕ್ಕೆ ನೋಡ್ತಿತ್ತು, ಈಗ ಮೇಲೆ, ಅಷ್ಟೇ.

ಹೊರಡೋದು ಫೋರ್ಸ್ 12 ಪ್ಲಸ್ 12.8, ಅಂದ್ರೆ 24.8 ದಾಟಿದಾಗ, 6.2 ಸೆಕೆಂಡಿಗೆ. ಹೊರಟ ಕೂಡಲೇ ಫ್ರಿಕ್ಷನ್ 12.8ರಿಂದ 8ಕ್ಕೆ ಕುಸಿಯುತ್ತೆ, ಹಂಗಾಗಿ ಆಕ್ಸೆಲರೇಶನ್ ಸೊನ್ನೆಯಿಂದ ಮೆಲ್ಲಗೆ ಏರಲ್ಲ, ಒಂದೇ ಏಟಿಗೆ 2.4ಕ್ಕೆ ಜಿಗಿಯುತ್ತೆ. ಗ್ರಾಫ್ ಬರೆಯುವಾಗ ಈ ಜಿಗಿತ ತೋರಿಸೋರು ಕಮ್ಮಿ.

ವೆಲಾಸಿಟಿಗೆ 'ವಿ ಈಕ್ವಲ್ಸ್ ಯು ಪ್ಲಸ್ ಏಟಿ' ಮರೆತುಬಿಡಿ, ಆಕ್ಸೆಲರೇಶನ್ ಬದಲಾಗ್ತಾ ಇದೆ, ಇಂಟಿಗ್ರೇಟ್ ಮಾಡ್ಲೇಬೇಕು, ಅದೂ 6.2ರಿಂದ. 8ನೇ ಸೆಕೆಂಡಿಗೆ ಸೆಕೆಂಡಿಗೆ 7.56 ಮೀಟರ್ ಬರುತ್ತೆ. ಸೊನ್ನೆಯಿಂದ ಮಾಡಿದ್ರೆ ಮೈನಸ್ 16, ಮೇಲಕ್ಕೆ ತಳ್ಳಿದ ಬ್ಲಾಕು ಕೆಳಗೆ ಓಡ್ತಿದೆ ಅಂತ ಉತ್ತರ!

ಇದೇ ಫೋರ್ಸ್ ಇಳಿಜಾರಿನ ಗುಂಟ ಅಲ್ಲದೆ ನೆಲಕ್ಕೆ ಸಮಾನಾಂತರವಾಗಿ ತಳ್ಳಿದ್ರೆ ನಾರ್ಮಲ್ ಕೂಡ ಏರ್ತಾ ಹೋಗುತ್ತೆ, ಅದರ ಜೊತೆ ಫ್ರಿಕ್ಷನ್ ಲಿಮಿಟ್ಟೂ, ಬ್ಲಾಕ್ ಹೊರಡೋಕೆ 19.4 ಸೆಕೆಂಡ್ ಹತ್ತಿರ ಬೇಕು. ಸ್ಟ್ಯಾಟಿಕ್ ಮ್ಯೂ 1.34 ಇದ್ದಿದ್ರೆ ಅದು ಮೇಲಕ್ಕೆ ಹೊರಡ್ತಾನೇ ಇರ್ಲಿಲ್ಲ, ಎಷ್ಟು ಹೊತ್ತು ತಳ್ಳಿದ್ರೂ.