21.4 ಗಂಟೆ ಎಲ್ಲಿ ಹೋಯ್ತು?

ಸಿಕ್ತು! ನನ್ನ ಮೂರು ವೀಕೆಂಡ್ ನುಂಗಿದ 21.4 ಗಂಟೆ ಕೊನೆಗೂ ಸಿಕ್ತು.

ಟೆಕ್ಸಾಸ್‌ನಲ್ಲಿರುವ ನಮ್ಮ ನಾಲ್ವರ ಪಾಲಿನ ಪುಟ್ಟ ವಿಮಾನ ಸೆಸ್ನಾ 172ಎಂ, 1974ರ ಗಾಡಿ. ಅದರ ಆನ್ಯುಯಲ್ (ವರ್ಷಕ್ಕೊಮ್ಮೆಯ ಕಡ್ಡಾಯ ತಪಾಸಣೆ) ಹತ್ತಿರ ಬಂತು. ಲಾಗ್‌ಬುಕ್ ಸ್ಕ್ಯಾನ್, ಟ್ರಾನ್ಸ್‌ಪಾಂಡರ್‌ನ (ರೇಡಾರ್‌ಗೆ ಗುರುತು ಕಳಿಸುವ ಸಾಧನ) 24 ತಿಂಗಳ ಪರೀಕ್ಷೆ, ಸೀಟ್ ರೈಲ್ ಎಡಿ (ಎಡಿ ಅಂದರೆ ಸುರಕ್ಷತೆಗಾಗಿ ಸರ್ಕಾರ ಹೊರಡಿಸುವ ಕಡ್ಡಾಯ ಆದೇಶ), ಇವೆಲ್ಲ ಮಾಮೂಲು. ಸಿಕ್ಕಿಹಾಕಿಕೊಂಡಿದ್ದು ಎಂಜಿನ್ ಚಾಲೂ ಮಾಡುವ ಕೀ ಸ್ವಿಚ್‌ನಲ್ಲಿ. ಎಡಿ 93-05-06 ಪ್ರಕಾರ ಪ್ರತಿ 2000 ಗಂಟೆ ಹಾರಾಟಕ್ಕೊಮ್ಮೆ ಅದನ್ನು ತಪಾಸಣೆ ಮಾಡಿಸಬೇಕು. ಹಿಂದಿನ ಸಲ ಮಾಡಿದ್ದು 3120.0ರಲ್ಲಿ. ಅಂದರೆ ಗಡುವು 5120.0.

ಈಗ ಎಷ್ಟಾಗಿದೆ? ಏರ್‌ಫ್ರೇಮ್ (ವಿಮಾನದ ಒಡಲು) ಪುಸ್ತಕ 5126.6 ಅನ್ನುತ್ತೆ. ಎಂಜಿನ್ ಪುಸ್ತಕದಲ್ಲೂ ಏರ್‌ಫ್ರೇಮ್ ಟೋಟಲ್ ಬರೆಯುವ ರೂಢಿಯಿದೆ, ಅಲ್ಲಿ 5105.2. ಒಂದರ ಪ್ರಕಾರ ಗಡುವು ದಾಟಿ ಹಾರಿದ್ದೇವೆ. ಇನ್ನೊಂದರ ಪ್ರಕಾರ ಇನ್ನೂ 14.8 ಗಂಟೆ ಬಾಕಿ. ಇನ್‌ಸ್ಪೆಕ್ಟರ್ ಯಾವುದನ್ನು ನಂಬಬೇಕು?

ಮೊದಲು ಹಾಬ್ಸ್ (ಗಡಿಯಾರದಂತೆ ಗಂಟೆ ಎಣಿಸುವ ಮೀಟರ್) ಮತ್ತು ಟ್ಯಾಕ್ (ಆರ್‌ಪಿಎಂ ಮೀಟರ್, ಅದರಲ್ಲೇ ಗಂಟೆ ಎಣಿಕೆಯೂ ಇರುತ್ತೆ) ಕಲಸಿದ್ದಾರೆ ಅಂದುಕೊಂಡೆ. ಟ್ಯಾಕ್ ಎಣಿಸೋದು ಎಂಜಿನ್ ಸುತ್ತುಗಳನ್ನು, ನೆಲದ ಮೇಲೆ ಟ್ಯಾಕ್ಸಿ ಮಾಡುವಾಗ ನಿಧಾನಕ್ಕೆ ಓಡುತ್ತೆ. ಆದರೆ ಆ ವ್ಯತ್ಯಾಸ ಹಾರಿದಷ್ಟೂ ಬೆಳೆಯಬೇಕು. ಇದು ಬೆಳೆದೇ ಇಲ್ಲ! ಇಪ್ಪತ್ತು ವರ್ಷ ಹಿಂದಿನ ಪುಟದಲ್ಲೂ ಅದೇ 21.4. ಯಾರೋ ಒಂದೇ ಸಲ ಎಡವಿದ್ದಾರೆ, ಆಮೇಲೆ ಬಂದವರೆಲ್ಲ ಅದನ್ನೇ ಕೂಡಿಸಿಕೊಂಡು ಹೋಗಿದ್ದಾರೆ.

ಮಧ್ಯೆ ಬೇಜಾರಾಗಿ ಇಎಲ್‌ಟಿ (ವಿಮಾನ ಬಿದ್ದರೆ ಸಂಕೇತ ಕಳಿಸುವ ಸಾಧನ) ಬ್ಯಾಟರಿ ನೋಡಲು ಹೋದೆ. ನಮ್ಮದು ಇನ್ನೂ ಹಳೇ 121.5 ಮೆಗಾಹರ್ಟ್ಸ್‌ನದು. ಉಪಗ್ರಹಗಳು ಆ ಫ್ರೀಕ್ವೆನ್ಸಿ ಕೇಳೋದನ್ನು 2009ರ ಫೆಬ್ರವರಿ 1ಕ್ಕೇ ನಿಲ್ಲಿಸಿವೆ. ಚಳಿಗಾಲಕ್ಕೆ 406 ಮೆಗಾಹರ್ಟ್ಸ್‌ನದು ಹಾಕೋಣ. ಆಂಟೆನಾ ಎಲ್ಲಿ ಕೂರಿಸಬೇಕು ಅಂತ ಚಿತ್ರವೂ ಬರೆದಾಯ್ತು. ಹೆಂಡತಿಗೆ ಇನ್ನೂ ಹೇಳಿಲ್ಲ.

ಉತ್ತರ ಇದ್ದದ್ದು ಪ್ರೊಪೆಲರ್ ಪುಸ್ತಕದಲ್ಲಿ. ಅದನ್ನು ಯಾರು ತೆಗೀತಾರೆ ಹೇಳಿ? ಒಟ್ಟು ಬರೆದಿರೋದೇ ನಾಲ್ಕು ಪುಟ, ಎರಡು ಪುಟ ಎಣ್ಣೆಗೆ ಅಂಟಿಕೊಂಡಿದ್ದವು. ಹಲ್ಲುಜ್ಜುವ ಫ್ಲಾಸ್ ದಾರ ತೂರಿಸಿ ಬಿಡಿಸಿದೆ. ನೀಲಿ ಬಾಲ್‌ಪೆನ್ ಮಾಸಿ ನೇರಳೆಯಾಗಿತ್ತು. ಆರ್‌ಪಿಎಂ ಕಡಿಮೆ ಬರ್ತಿದೆ ಅಂತ ಪ್ರೊಪೆಲರ್ ಪಿಚ್ (ರೆಕ್ಕೆಯ ಓರೆ) ನೋಡಿಸಿದ್ದಾರೆ. ಪಿಚ್ ಸರಿಯಾಗೇ ಇತ್ತು, ಸುಳ್ಳು ಹೇಳ್ತಿದ್ದದ್ದು ಟ್ಯಾಕ್. 3418.6ರಲ್ಲಿ ಅದನ್ನು ಬಿಚ್ಚಿ ಇನ್ನೊಂದನ್ನು ಹಾಕಿದ್ದಾರೆ. ಅದು ಸೆಕೆಂಡ್ ಹ್ಯಾಂಡ್, ಹಾಕುವಾಗಲೇ 21.4 ತೋರಿಸ್ತಿತ್ತು!

ಅಂದರೆ ಟ್ಯಾಕ್‌ಗೆ ಕೂಡಿಸಬೇಕಾದ್ದು 3397.2. ಎಂಜಿನ್ ಪುಸ್ತಕದಲ್ಲಿ ಆ 21.4 ಸರಿಯಾಗಿ ಕಳೆದಿದ್ದಾರೆ. ಏರ್‌ಫ್ರೇಮ್‌ನಲ್ಲಿ ಸುಮ್ನೆ 3418.6 ಕೂಡಿಸಿದ್ದಾರೆ. ಅಂದರೆ 5105.2 ಅನ್ನೋದೇ ಸರಿ. ನಮ್ಮ ಮೆಕ್ಯಾನಿಕ್ ಆ ಪುಟ ನೋಡಿ ನಕ್ಕ. ಹಳೆಯದನ್ನು ಹೊಡೆದುಹಾಕದೆ, ಹೊಸ ಸಾಲಿನಲ್ಲಿ ಕಾರಣ, ತಾರೀಖು ಬರೆದು ಸಹಿ ಹಾಕಿಕೊಟ್ಟ.

ಹೇಗೂ ಹಳತಾಗಿದೆ, ಸ್ವಿಚ್ ಹೊಸದೇ ಹಾಕೋಣ ಅಂತ ಆರ್ಡರ್ ಮಾಡಿದೆವು. ಅಂಗಡಿಯವನು ಮೊದಲು ಟ್ಯಾಗ್ (ಬಿಡಿಭಾಗದ ಪ್ರಮಾಣಪತ್ರ) ಇಲ್ಲದ್ದನ್ನು ಕಳಿಸಿದ. ಕೇಳಿದ್ದಕ್ಕೆ "ಮಾಲು ಒರಿಜಿನಲ್ಲೇ" ಅಂದ. ಮಾಲು ಯಾರಿಗೆ ಬೇಕಯ್ಯಾ, ಪೇಪರ್ ಕೊಡು! ವಾಪಸ್ ಕಳಿಸಿದ್ದಾಯ್ತು. ಪೇಪರ್ ಇರೋದು ಬರೋಕೆ ಆರು ವಾರ ಅಂತೆ. ಅಲ್ಲೀವರೆಗೆ ಆ 14.8 ಗಂಟೆಯನ್ನು ನಾಲ್ವರು ಹೇಗೆ ಹಂಚಿಕೊಳ್ಳೋದು ಅಂತ ವಾಟ್ಸಾಪ್‌ನಲ್ಲಿ ಜಗಳ ಶುರುವಾಗಿದೆ.