ಕುದುರೆ ಮೇಲಿನ ಹುಡುಗ

ಅಕ್ಟೋಬರ್ 19, 2024, ಶನಿವಾರ ರಾತ್ರಿ

ಕಾಲು ಪದ ಹೇಳುತ್ತಿವೆ. ಪುಟ್ಟು ಬೂಟು ಸಹಿತ ಸೋಫಾದ ಮೇಲೆ ನಿದ್ದೆ ಹೋಗಿದ್ದಾನೆ. ಅಮ್ಮ ಮೊಸರನ್ನ ತಿಂದು ಆಗಲೇ ಮಲಗಿದಳು.

ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂಗೆ ಹೋಗಿದ್ದೆವು. ಅಮ್ಮನಿಗೆ ಚಿತ್ರಗಳ ಗೊಡವೆಯೇ ಇರಲಿಲ್ಲ, ಕೂರೋಕೊಂದು ಬೆಂಚು ಸಿಕ್ಕರೆ ಸಾಕಿತ್ತು. ಅದನ್ನು ಹುಡುಕುತ್ತಾ ಹೋದವಳು ಒಂದು ಕಡೆ ನಿಂತೇಬಿಟ್ಟಳು.

"ಯಾರೇ ಈ ಪಾಪು? ಇನ್ನೇನು ಅಳೋ ಹಾಗಿದೆ."

ಪಕ್ಕದ ಚೀಟಿ ಓದಿ ಹೇಳಿದೆ. ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೊನೆ ಬರೆದದ್ದು, ಇವನು ಅವನ ದೊಡ್ಡ ಮಗ ಝಾಂ. 1872ರಲ್ಲಿ, ಪ್ಯಾರಿಸ್ ಪಕ್ಕದ ಅರ್ಜಾಂತೈನಲ್ಲಿ. ಹುಡುಗನಿಗೆ ಐದು ತುಂಬೋ ಸಮಯ. ಮರದ ಕುದುರೆ, ಅದಕ್ಕೆ ಮೂರು ಗಾಲಿ. ಆ ವರ್ಷ ದ್ಯೂರಾಂ-ರುಯೆಲ್ ಅನ್ನೋ ವ್ಯಾಪಾರಿ ಮೊನೆಯ ಚಿತ್ರಗಳನ್ನು ಸಾಕಷ್ಟು ಕೊಂಡಿದ್ದ, ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿತ್ತು. ಇಲ್ಲದಿದ್ದರೆ ಅಂಥ ಆಟದ ಸಾಮಾನು ಎಲ್ಲಿಂದ ಬರಬೇಕು?

ಹಿಂದಿನ ಗಿಡ, ಹೂವು ಎಲ್ಲಾ ಬರೀ ಬಣ್ಣ ಒತ್ತಿದ ಹಾಗೆ. ಟೊಪ್ಪಿ ಕೆಳಗಿನ ಮುಖ ಮಾತ್ರ ನೇರ ನಮ್ಮನ್ನೇ ನೋಡುತ್ತದೆ. ನಗು ಇಲ್ಲ.

"ಆಡೋ ಮಗು ಹೀಗಾ ನೋಡೋದು? ಓಡಿಸ್ತಿದ್ದವನನ್ನ ನಿಲ್ಲಿಸಿ, ಅಲುಗಾಡಬೇಡ ಅಂತ ಗದರಿದಾನೆ ಅವರಪ್ಪ."

ಅಮ್ಮ ಹೇಳಿದ್ದು ಸರಿ ಅನ್ನಿಸಿತು. ಕಣ್ಣೆದುರು ಸರಿದುಹೋಗೋ ಕ್ಷಣ ಹಿಡಿಯುವವರು ಅಂತ ಮೊನೆಯಂಥ ಚಿತ್ರಕಾರರಿಗೆ ಹೆಸರು. ಇಲ್ಲಿ ಮಾತ್ರ ಆಟವೇ ನಿಂತಿದೆ.

"ಎಷ್ಟಕ್ಕೆ ಮಾರಿದ ಇದನ್ನ?"

"ಮಾರಲೇ ಇಲ್ಲಮ್ಮ. ಪ್ರದರ್ಶನಕ್ಕೂ ಇಡಲಿಲ್ಲ. ಸಾಯೋವರೆಗೂ ತನ್ನ ಹತ್ತಿರವೇ ಇಟ್ಟುಕೊಂಡಿದ್ದ."

"ಮತ್ತೆ ಈ ಹುಡುಗ?"

ಫೋನಲ್ಲಿ ಹುಡುಕಿದೆ. ಹುಡುಕಬಾರದಿತ್ತು. "1914ರಲ್ಲಿ ಹೋದ. 46 ವರ್ಷ."

"ಅವರಪ್ಪ?"

"ಇದ್ದ. 73 ಆಗಿತ್ತು. ಆಮೇಲೂ ಹನ್ನೆರಡು ವರ್ಷ ಬದುಕಿದ."

ಅಮ್ಮ ಏನೂ ಅನ್ನಲಿಲ್ಲ. ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. ಅಷ್ಟರಲ್ಲಿ ಪುಟ್ಟು, "ಅಜ್ಜಿ, ಆ ಕುದುರೆ ನಂಗೂ ಬೇಕು" ಅಂತ ಶುರು ಮಾಡಿದ. ಅಲ್ಲಿಂದ ಕೆಫೆವರೆಗೂ ಅದೇ ರಾಗ. ಕೊನೆಗೆ ಒಂದು ಕುಕೀಗೆ ರಾಜಿಯಾದ.

ಕುಕೀ ತಿನ್ನೋವಾಗ "ಸ್ವಲ್ಪ ಈ ಕಡೆ ನೋಡೋ, ಅಲುಗಾಡಬೇಡ" ಅಂತ ಫೋಟೋ ತೆಗೆದೆ. ತಕ್ಷಣ ಸ್ಟೇಟಸ್‌ಗೂ ಹಾಕಿದೆ. ಈಗ ನೋಡಿದರೆ ಅದೇ ಮುಖ, ಅದೇ ದುರುಗುಟ್ಟೋ ನೋಟ. ಅಳಿಸಿಬಿಡೋಣ ಅಂದುಕೊಂಡೆ. ಅತ್ತೆ ಆಗಲೇ ಮೂರು ಹಾರ್ಟ್ ಹಾಕಿದ್ದಾರೆ. ಈಗ ತೆಗೆದರೆ ಯಾಕೆ ಅಂತ ಕೇಳ್ತಾರೆ, ಏನು ಹೇಳೋದು?

ಇವನ ಬೂಟು ಇನ್ನೂ ಕಾಲಲ್ಲೇ ಇದೆ. ಬಿಚ್ಚೋಕೆ ಹೋದರೆ ಎಚ್ಚರ ಆಗ್ತಾನೇನೋ...